ಕುಣಿಯೋವಾಗ ಉಚ್ಚೆ ಹೋದ್ರೆ ಪ್ಯಾಡ್ ಹಾಕ್ಕೊಂಡು ಸುಮ್ನಿರಬೇಡಿ

ನಮಸ್ಕಾರ ಎಲ್ರಿಗೂ. ಮುಂಬೈಯ ಮಾಟುಂಗ, ಮುಲುಂಡ್, ಪಕ್ಕದ ಡೊಂಬಿವಲಿ, ಈ ಕಡೆ ಭರತನಾಟ್ಯ ಕಲಿಯೋ, ಕಲಿಸೋ ನಮ್ಮ ಕನ್ನಡದ ಹೆಣ್ಮಕ್ಳು ತುಂಬಾ ಜನ ಇದೀವಿ, ಮಂಡಿನೋವು ಹಿಮ್ಮಡಿನೋವು ಅಂದ್ರೆ ಗಂಟೆಗಟ್ಲೆ ಮಾತಾಡ್ತೀವಿ, ಆದ್ರೆ ಹಾರಿದಾಗ ಒಂದೆರಡು ಹನಿ ಉಚ್ಚೆ ಹೋಗ್ಬಿಡತ್ತೆ ಅಂತ ಮಾತ್ರ ಒಬ್ರೂ ಬಾಯಿ ಬಿಡಲ್ಲ.

ನನ್ನ ಸಾಯಂಕಾಲದ ಬ್ಯಾಚಲ್ಲಿ ಒಬ್ರು ಇದಾರೆ, ಎರಡು ಮಕ್ಕಳ ತಾಯಿ. ತೈ ಹತ್ ತೈ ಹೀ ಅನ್ನೋ ಹಾರೋ ಅಡವು (ಹೆಜ್ಜೆ) ಶುರುವಾಗ್ತಿದ್ದಂಗೆ ಹಿಂದಿನ ಸಾಲಿಗೆ ಜಾರ್ಕೊಳೋರು, ಹಾರೋ ಬದ್ಲು ಹಿಮ್ಮಡಿ ಎತ್ತಿ ಇಳಿಸೋರು, ಕ್ಲಾಸಿಗೆ ಮುಂಚೆ ನೀರೇ ಮುಟ್ತಿರ್ಲಿಲ್ಲ. ನನ್ನ ಹತ್ರ ಹೇಳಿದ್ದು ಸೊಂಟದ ಪಕ್ಕ ನೋವು ಅಂತ ಅಷ್ಟೇ. ಹೆಂಗಸರ ಪೆಲ್ವಿಕ್ ಹೆಲ್ತು (ಕಿಬ್ಬೊಟ್ಟೆ ಕೆಳಗಿನ ಭಾಗದ ಆರೋಗ್ಯ), ಡ್ಯಾನ್ಸ್ ಇಂಜುರಿ ಎರಡೂ ನೋಡೋ ಫಿಸಿಯೋಥೆರಪಿಸ್ಟ್ ಹತ್ರ ಕಳ್ಸಿದೆ. ಅವ್ರು ಅರೆಮಂಡೀಲಿ (ಮಂಡಿ ಹೊರಗೆ ಬಾಗಿಸಿ ಅರ್ಧ ಕೂರೋ ಭಂಗಿ) ಕೂರಿಸಿ ನೋಡಿದ್ರಂತೆ: ಪಾದ ಪೂರ್ತಿ ಹೊರಗೆ, ಮಂಡಿ ಮಾತ್ರ ಮುಂದಕ್ಕೆ ವಾಲಿದೆ, ಸೊಂಟ ಬಿಲ್ಲಿನ ಹಾಗೆ ಬಾಗಿದೆ, ಉಸಿರು ಬಿಗಿಹಿಡಿದಿದಾರೆ. ಆಮೇಲೆ ಕೇಳಿದ್ದು, "ಕೆಮ್ಮಿದ್ರೆ, ಹಾರಿದ್ರೆ ಉಚ್ಚೆ ಹೋಗತ್ತಾ ಅಕ್ಕ?"

ಸೊಂಟನೋವಿಗೂ ಇದಕ್ಕೂ ಏನ್ ಸಂಬಂಧ ಅಂತೀರಾ? ತುಂಬಾ ಇದೆ. ಅರೆಮಂಡೀಲಿ ತೊಡೆನ ಹೊರಗೆ ತಿರುಗಿಸೋ ಸ್ನಾಯುಗಳಲ್ಲಿ ಆಬ್ಟ್ಯುರೇಟರ್ ಇಂಟರ್ನಸ್ ಅಂತ ಒಂದಿದೆ, ಅದು ಪೆಲ್ವಿಸ್ (ಸೊಂಟದ ಮೂಳೆಗೂಡು) ಒಳಗೋಡೆಗೆ ಅಂಟ್ಕೊಂಡಿರತ್ತೆ, ಮತ್ತೆ ಮೂತ್ರಕೋಶ ಗರ್ಭಕೋಶ ಎಲ್ಲಾ ಹೊತ್ತಿರೋ ಸ್ನಾಯುಗಳ ಹಾಸಾದ ಪೆಲ್ವಿಕ್ ಫ್ಲೋರ್‌ನ ಒಂದು ಭಾಗ ಶುರುವಾಗೋದೇ ಅದ್ರ ಮೇಲಿನ ಪೊರೆಯಿಂದ. ಅಂದ್ಮೇಲೆ ದಿನಾ ಅರೆಮಂಡಿ ಕೂರೋರಿಗೆ ಇವೆರಡೂ ಬೇರೆಬೇರೆ ತೊಂದ್ರೆ ಅಂತ ನೋಡೋದೇ ತಪ್ಪು, ಅದಕ್ಕೇ ಎರಡೂ ಗೊತ್ತಿರೋ ಫಿಸಿಯೋ ಬೇಕು ಅಂತ ನಾನು ಇಷ್ಟು ಹೇಳ್ತಿರೋದು.

ಕೆಗೆಲ್ ಎಕ್ಸರ್‌ಸೈಜ್ (ಈ ಪೆಲ್ವಿಕ್ ಸ್ನಾಯುಗಳನ್ನ ಬಿಗಿಹಿಡಿದು ಬಿಡೋ ವ್ಯಾಯಾಮ) ಯೂಟ್ಯೂಬ್ ನೋಡಿ ಮಾಡ್ತೀನಿ ಅನ್ನೋರು ಸ್ವಲ್ಪ ತಾಳಿ. 1948ರಲ್ಲಿ ಆರ್ನಲ್ಡ್ ಕೆಗೆಲ್ ಅನ್ನೋ ಅಮೆರಿಕದ ಡಾಕ್ಟರ್ ಬರೆದಿದ್ದು ಅದು, ಒಳ್ಳೇದೇ, ಬ್ರಿಟನ್ನಿನ ನೈಸ್ (NICE) ಅನ್ನೋ ಆರೋಗ್ಯ ಸಂಸ್ಥೆಯ ಗೈಡ್‌ಲೈನ್ ಕೂಡ ಕೆಮ್ಮಿದಾಗ ಹಾರಿದಾಗ ಸೋರೋರಿಗೆ ಮೊದ್ಲು ಇದನ್ನೇ ಹೇಳತ್ತೆ, ಒಂದ್ಸಲಕ್ಕೆ ಕನಿಷ್ಠ 8 ಬಾರಿ ಬಿಗಿಹಿಡಿಯೋದು, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು, ಅದೂ ಗೊತ್ತಿರೋರ ಮೇಲ್ವಿಚಾರಣೇಲಿ. ಆದ್ರೆ ಮೇಲಕ್ಕೆ ಎಳ್ಕೊಳೋ ಬದ್ಲು ಕೆಳಗೆ ತಿಣುಕೋರೇ ಎಷ್ಟೋ ಜನ. ಇನ್ನು ಕೆಲವ್ರಿಗೆ ಸ್ನಾಯು ಸಡಿಲ ಅಲ್ಲ, ಬಿಗಿಯಾಗಿರತ್ತೆ, ಹೊಟ್ಟೆ ಒಳಗೆಳ್ಕೊಂಡು ಕುಣಿಯೋರಿಗೆ ಇದು ಹೊಸದಲ್ಲ, ಅವ್ರು ಮೊದ್ಲು ಸಡಿಲ ಬಿಡೋದು ಕಲೀಬೇಕು. ಯಾವ್ದು ಅಂತ ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು. ಒಳಗಿನ ಪರೀಕ್ಷೆ ಬೇಡ ಅನ್ಸಿದ್ರೆ ಬೇಡ ಅನ್ನಿ, ಹೊರಗಿಂದ ನೋಡೋ ದಾರಿಗಳೂ ಇವೆ.

"ಹೆರಿಗೆ ಆದ್ಮೇಲೆ ಇದೆಲ್ಲಾ ಇದ್ದಿದ್ದೇ" ಅಂತ ಅತ್ತೆ ಹೇಳ್ತಾರೆ, ಅಮ್ಮನೂ ಹೇಳ್ತಾರೆ. ಎಷ್ಟೋ ಜನಕ್ಕೆ ಆಗೋದು ನಿಜ, ಆದ್ರೆ ಅದನ್ನ ಜೀವಮಾನ ಸಹಿಸ್ಕೋಬೇಕು ಅಂತ ಯಾರು ಹೇಳಿದ್ದು? ಸಿಸೇರಿಯನ್ ಆದೋರಿಗೂ ಆಗತ್ತೆ, ಒಂಬತ್ತು ತಿಂಗಳು ಭಾರ ಹೊತ್ತಿದ್ದು ಅದೇ ಸ್ನಾಯುಗಳಲ್ವಾ. ಮಕ್ಕಳೇ ಆಗದಿರೋ ಹುಡುಗೀರಿಗೂ ಆಗ್ಬಹುದು.

ರಂಗಪ್ರವೇಶಕ್ಕೆ ಹಾಲ್ ಬಾಡಿಗೆ, ಮೇಕಪ್ಪು, ಸೀರೆ, ಊಟ ಅಂತ ಲಕ್ಷಗಟ್ಲೆ ಖರ್ಚು ಮಾಡ್ತೀವಿ, ಅದ್ರಲ್ಲಿ ನಾಲ್ಕು ಸಲ ಫಿಸಿಯೋ ಹತ್ರ ಹೋಗೋದು ಒಂದು ಖರ್ಚಾ?

ಟೀಚರ್‌ಗಳೇ, ಹಾಸುಗಲ್ಲು, ಟೈಲ್ಸ್ ಮೇಲೆ ಗಂಟೆಗಟ್ಲೆ ತಟ್ಟಿಸಬೇಡಿ, ಮಧ್ಯ ಬಾತ್‌ರೂಮಿಗೆ ಹೋಗ್ತೀನಿ ಅಂದ್ರೆ ಗದರಬೇಡಿ. ನೋಡ್ತಿರೋ ಹೆಣ್ಮಕ್ಳು, ಯಾವ ಅಡವಲ್ಲಿ ಉಚ್ಚೆ ಹೋಗತ್ತೆ ಅಂತ ಗಮನಿಸಿ, ಅದನ್ನೇ ಫೋನಲ್ಲಿ ವಿಡಿಯೋ ತಗೊಂಡು ಹೋಗಿ ಫಿಸಿಯೋಗೆ ತೋರ್ಸಿ. ಮೂತ್ರದಲ್ಲಿ ರಕ್ತ ಕಂಡ್ರೆ, ಇಲ್ಲಾ ತೊಡೆ ಸಂದು ಜೋಮು ಹಿಡಿದಂಗಾದ್ರೆ ಫಿಸಿಯೋಗೆ ಕಾಯಬೇಡಿ, ಆವತ್ತೇ ಡಾಕ್ಟರ್ ಹತ್ರ ಹೋಗಿ.