ಹಿಡಿಕೆ ತಿರುಗಿಸಿ ಆಡುವ ಹಳದಿ ಪೆಟ್ಟಿಗೆ

ಕೇಳುಗರಿಗೆಲ್ಲ ನಮಸ್ಕಾರ.

ವಿಡಿಯೋ ಗೇಮ್ ಕನ್ಸೋಲ್, ಅಂದರೆ ಗೇಮ್ ಆಡಲೆಂದೇ ಮಾಡಿದ ಯಂತ್ರ, ಅಂದ ಕೂಡಲೇ ಮೂರು ಹೆಸರು ಬಾಯಿಗೆ ಬರುತ್ತವೆ. ಸೋನಿ, ನಿಂಟೆಂಡೋ, ಮೈಕ್ರೋಸಾಫ್ಟ್. ಇವರ ಮುಂದೆ ಸಣ್ಣ ಕಂಪನಿಯೊಂದು ಉಳಿಯಬಹುದೇ? ಉಳಿಯಬಹುದು ಎಂದೇ ನಾನು ನಂಬಿದ್ದೇನೆ. ಆದರೆ ಅವರ ಅಖಾಡಕ್ಕೇ ಇಳಿದು ಸೆಣಸಿದರೆ ಆಗುವುದಿಲ್ಲ.

ದೊಡ್ಡವರು ಬೇಕಾದರೆ ಯಂತ್ರವನ್ನು ನಷ್ಟಕ್ಕೂ ಮಾರುತ್ತಾರೆ. ಆಮೇಲೆ ಖರ್ಚಾಗುವ ಒಂದೊಂದು ಗೇಮ್‌ನಲ್ಲೂ ಪಾಲು ಪಡೆದು ಆ ನಷ್ಟ ತುಂಬಿಕೊಳ್ಳುತ್ತಾರೆ. ಅಷ್ಟು ದಿನ ಕಾಯುವ ತಾಕತ್ತು ಎಲ್ಲರಿಗೂ ಇರುವುದಿಲ್ಲ. ಸೆಗಾದಂಥ ಹಳೇ ಹುಲಿಯೇ 2001ರಲ್ಲಿ ಡ್ರೀಮ್‌ಕಾಸ್ಟ್ ಎಂಬ ತನ್ನ ಯಂತ್ರವನ್ನು ನಿಲ್ಲಿಸಿ, ಕನ್ಸೋಲ್ ಮಾಡುವುದನ್ನೇ ಬಿಟ್ಟಿತು.

2012ರಲ್ಲಿ ಅಮೆರಿಕದಲ್ಲಿ ಊಯಾ ಎಂಬ ಸಣ್ಣ ಕನ್ಸೋಲ್‌ನ ಯೋಜನೆ ಬಂತು. ಬೆಲೆ 99 ಡಾಲರ್. ಜನರಿಂದ ಮುಂಚೆಯೇ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಜನ 85 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟರು. ಮರುವರ್ಷ ಯಂತ್ರ ಅಂಗಡಿಗೂ ಬಂತು. ಆದರೆ ಒಳಗಿದ್ದದ್ದು ಆಂಡ್ರಾಯ್ಡ್. ಅದರ ಎಷ್ಟೋ ಆಟಗಳು ಕೈಯಲ್ಲಿದ್ದ ಫೋನಿನಲ್ಲೇ ಸಿಗುತ್ತಿದ್ದವು. ಮತ್ತೆ ಇದನ್ನು ಯಾಕೆ ಕೊಳ್ಳಬೇಕು, ಅಲ್ವಾ? 2015ರಲ್ಲಿ ಅದರ ಸಾಫ್ಟ್‌ವೇರ್ ರೇಜರ್ ಎಂಬ ಕಂಪನಿಯ ಪಾಲಾಯಿತು. 2019ರಲ್ಲಿ ಆಟ ಒದಗಿಸುತ್ತಿದ್ದ ಸರ್ವರ್‌ಗಳೂ ಮುಚ್ಚಿದವು.

ಇಂಥ ಸಣ್ಣವರ ಕನ್ಸೋಲ್‌ಗಳಲ್ಲಿ ನನಗೆ ಬಹಳ ಹಿಡಿಸಿದ್ದು ಪ್ಲೇಡೇಟ್. ಮಾಡಿದ್ದು ಅಮೆರಿಕದ ಪೋರ್ಟ್‌ಲ್ಯಾಂಡಿನ ಪ್ಯಾನಿಕ್ ಎಂಬ ಪುಟ್ಟ ಕಂಪನಿ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಬರೆದುಕೊಂಡಿದ್ದವರು ಅವರು. ಅಂಗೈಯಲ್ಲಿ ಕೂರುವ ಹಳದಿ ಪೆಟ್ಟಿಗೆ, ಕಪ್ಪು ಬಿಳುಪು ಪರದೆ, ಪಕ್ಕದಲ್ಲೊಂದು ತಿರುಗಿಸುವ ಹಿಡಿಕೆ. ಒಂದು ಆಟದಲ್ಲಂತೂ ಹಿಡಿಕೆ ತಿರುವಿದರೆ ಕಾಲವೇ ಮುಂದಕ್ಕೆ ಓಡುತ್ತದೆ, ಹಿಂದಕ್ಕೆ ತಿರುವಿದರೆ ಹಿಂದಕ್ಕೆ! ಇಂಥ ಆಟವನ್ನು ಫೋನಿನಲ್ಲಿ ಇದೇ ರೀತಿ ಆಡಲಾಗದು. ಪ್ಯಾನಿಕ್ ಆಟಗಳಿಗಾಗಿ ಬೇರೆಯವರ ದಾರಿ ಕಾಯಲಿಲ್ಲ. ತಾನೇ 24 ಆಟ ಮಾಡಿಸಿ, ಯಂತ್ರದ ಬೆಲೆಯಲ್ಲೇ ಸೇರಿಸಿ, ವಾರಕ್ಕೆ ಎರಡರಂತೆ ಕಳಿಸಿತು. ಇದೇ ಅದರ ಜಾಣತನ.

ಹಾಗಂತ ಹಾದಿ ಸಲೀಸಾಗಿರಲಿಲ್ಲ. 2021ರ ಜುಲೈಯಲ್ಲಿ ಮುಂಗಡ ಬುಕಿಂಗ್ ತೆರೆದಾಗ ಮೊದಲ 20,000 ಯಂತ್ರಗಳು ಅರ್ಧ ಗಂಟೆಯೊಳಗೇ ಮುಗಿದವು. ಆಮೇಲೆ, ಮೊದಲು ತಯಾರಾಗಿದ್ದ 5,000 ಯಂತ್ರಗಳ ಬ್ಯಾಟರಿಯಲ್ಲಿ ದೋಷ ಕಂಡಿತು. ಅಷ್ಟನ್ನೂ ಕಾರ್ಖಾನೆಗೆ ವಾಪಸ್ ಕಳಿಸಬೇಕಾಯಿತು. ಮುಂದಿನ ಕಂತಿನ ಯಂತ್ರಗಳಿಗೆ ಪ್ರೊಸೆಸರ್, ಅಂದರೆ ಯಂತ್ರದ ಮುಖ್ಯ ಚಿಪ್, ಕೇಳಿದರೆ ಎರಡು ವರ್ಷ ಕಾಯಿರಿ ಎಂಬ ಉತ್ತರ. ಬೇರೆ ಚಿಪ್‌ಗೆ ಹೊಂದುವಂತೆ ಬೋರ್ಡನ್ನೇ ಹೊಸದಾಗಿ ಮಾಡಿದರು. ದೊಡ್ಡ ಕಂಪನಿಗೆ ಇದು ತಲೆನೋವು, ಸಣ್ಣವರಿಗೆ ಉಸಿರೇ ನಿಲ್ಲುವ ಮಾತು. ಆದರೂ 2022ರ ಏಪ್ರಿಲ್‌ನಲ್ಲಿ ಯಂತ್ರ ಜನರ ಕೈ ಸೇರಿತು.

ಪ್ಲೇಡೇಟ್ ಎಂದೂ ಸೋನಿಯನ್ನು ಸೋಲಿಸುವುದಿಲ್ಲ. ಸೋಲಿಸಬೇಕಾಗಿಯೂ ಇಲ್ಲ. ಅದರ ಆಟ ಬರೆಯುವ ಸಾಧನಗಳನ್ನು ಪ್ಯಾನಿಕ್ ಪುಕ್ಕಟೆ ಕೊಡುತ್ತದೆ. ಯಂತ್ರ ಇಲ್ಲದವರೂ ಕಂಪ್ಯೂಟರಿನಲ್ಲೇ ಆಟ ಬರೆದು, ಅಲ್ಲೇ ಆಡಿ ನೋಡಬಹುದು. ಬರೆದದ್ದನ್ನು ತಮ್ಮಿಷ್ಟದ ಕಡೆ ಮಾರಲೂಬಹುದು. ಪ್ರೋಗ್ರಾಮಿಂಗ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ದಯವಿಟ್ಟು ಒಮ್ಮೆ ಕೈ ಹಾಕಿ ನೋಡಿ.

ನಮಸ್ಕಾರ.