ಉಪ್ಪುಗಾಳಿ ಮತ್ತು ಟರ್ಬೈನ್ ಅಲಗು

ನಮಸ್ಕಾರ. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆಯ ಹಂಗಾಮಿನ ನಡುವೆಯೇ ಒಂದು ಟ್ರಾಲ್ ದೋಣಿ ಹನ್ನೆರಡು ದಿನ ದಡಕ್ಕೆ ಕಟ್ಟಿಕೊಂಡಿದ್ದುದನ್ನು ಕಂಡಿದ್ದೇನೆ. ಎಂಜಿನ್ ಗಟ್ಟಿಯಾಗಿಯೇ ಇತ್ತು, ಸಿಗದೇ ಹೋದದ್ದು ಅದಕ್ಕೆ ಇಂಧನ ಸಿಂಪಡಿಸುವ ಒಂದು ಇಂಜೆಕ್ಟರ್. ಕಾರವಾರದ ನೌಕಾನೆಲೆಗೆ ವಿಮಾನವಾಹಕ ಹಡಗು ವಿಕ್ರಮಾದಿತ್ಯ ಬಂದು ನಿಂತಾಗಲೆಲ್ಲ ನಮ್ಮವರು ಹಡಗಿನ ಉದ್ದವನ್ನೂ ವಿಮಾನಗಳ ವೇಗವನ್ನೂ ವರ್ಣಿಸುತ್ತಾರೆ, ನನಗೆ ಮಾತ್ರ ಆ ಇಂಜೆಕ್ಟರ್ ನೆನಪಾಗುತ್ತದೆ.

ಆ ಹಡಗಿನ ಮಿಗ್-29ಕೆ ಯುದ್ಧವಿಮಾನಕ್ಕೆ ಎರಡು ಆರ್‌ಡಿ-33ಎಂಕೆ ಟರ್ಬೊಫ್ಯಾನ್ ಎಂಜಿನ್‌ಗಳಿವೆ. 2010ರಲ್ಲಿ ಸೇವೆಗೆ ಸೇರಿದ ಮೇಲೆ ವಿನ್ಯಾಸದ ದೋಷಗಳಿಂದಾಗಿ 40 ಎಂಜಿನ್‌ಗಳನ್ನು, ಅಂದರೆ ಶೇ 62ರಷ್ಟನ್ನು, ಸೇವೆಯಿಂದ ಹಿಂತೆಗೆಯಬೇಕಾಯಿತು ಎಂದು 2016ರ ಸಿಎಜಿ ವರದಿ ಹೇಳಿತು.

ಇಂಥ ಎಂಜಿನ್ನಿನಲ್ಲಿ ದಹನಕೋಣೆಯಿಂದ ಹೊರಬೀಳುವ ಅನಿಲ, ಅದನ್ನು ಎದುರಿಸಿ ತಿರುಗುವ ಟರ್ಬೈನ್ ಅಲಗಿನ ಮಿಶ್ರಲೋಹವೇ ಕರಗುವಷ್ಟು ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿ ಒಳಕಳಿಸುವ ಕಂಪ್ರೆಸರ್‌ನಿಂದ ಕದ್ದ ಗಾಳಿಯನ್ನು ಅಲಗಿನ ಹೊಟ್ಟೆಯೊಳಗೆ ಹರಿಸಿ, ಸೂಜಿಮೊನೆಯಂಥ ರಂಧ್ರಗಳಿಂದ ಹೊರಬಿಟ್ಟು, ಮೈಮೇಲೆ ತಂಪಿನ ತೆಳುಪರದೆಯೊಂದನ್ನು ಹೊದಿಸುವುದರಿಂದಲೇ ಅದು ಉಳಿಯುತ್ತದೆ. ಕಡಲ ಮೇಲೆ ಇನ್ನೊಂದು ಕಾಟವಿದೆ: ಗಾಳಿಯ ಉಪ್ಪು ಇಂಧನದ ಗಂಧಕದೊಡನೆ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ, ಅದು 884 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಅಲಗಿಗೆ ಮೆತ್ತಿಕೊಂಡು ಅದರ ರಕ್ಷಣಾ ಲೇಪವನ್ನು ತಿನ್ನುತ್ತದೆ. ಮಾಡಿನ ಮೊಳೆಗಳು ಕೆಲವೇ ಮಳೆಗಾಲಕ್ಕೆ ಪುಡಿಯಾಗುವುದನ್ನು ಕಂಡ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ನಿನ ಒಳಗನ್ನು ಶುದ್ಧನೀರಿನಿಂದ ಮತ್ತೆ ಮತ್ತೆ ತೊಳೆದರೂ ಅಲಗು ಸವೆಯುವ ವಸ್ತುವೇ. ಬದಲಿ ಬೇಕೇ ಬೇಕು.

ಒಡಿಶಾದ ಕೊರಾಪುಟ್‌ನ ಎಚ್‌ಎಎಲ್‌ನಲ್ಲಿ ಇದೇ ಕುಟುಂಬದ ಆರ್‌ಡಿ-33 ಎಂಜಿನ್‌ಗಳು ತಯಾರಾಗಿವೆ. ಆದರೆ ಪರವಾನಗಿಯ ಮೇಲೆ ಜೋಡಿಸುವ ವಿದ್ಯೆ ಬೇರೆ, ಇಡೀ ಅಲಗನ್ನು ಒಂದೇ ಹರಳಾಗಿ ಎರಕದಲ್ಲಿ ಬೆಳೆಸುವ ವಿದ್ಯೆ ಬೇರೆ. 1989ರಲ್ಲಿ ಆರಂಭವಾದ ನಮ್ಮದೇ ವಿನ್ಯಾಸದ ಕಾವೇರಿ ಎಂಜಿನ್ ದೇಶೀಯ ಯುದ್ಧವಿಮಾನ ತೇಜಸ್‌ಗೆ ಒದಗಲಿಲ್ಲವೆಂದು ನಗುವವರಿದ್ದಾರೆ, ನಾನು ನಗಲಾರೆ. ತೇಜಸ್‌ಗಾಗಿ 2021ರಲ್ಲಿ ಹೊರಗಿನಿಂದ ತರಿಸಹೊರಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಅದೇ 2021ರಲ್ಲಿ ಡಿಆರ್‌ಡಿಒದ ಹೈದರಾಬಾದ್ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿಗೆಂದು 60 ಏಕಹರಳಿನ ಅಲಗುಗಳನ್ನು ಎಚ್‌ಎಎಲ್‌ಗೆ ಕೊಟ್ಟಿತು. ಅಂಥ ಎರಕಶಾಲೆಗೆ ಸುರಿಯುವ ಹಣ ಹೊಸ ವಿಮಾನಕ್ಕೆ ಸುರಿಯುವುದಕ್ಕಿಂತ ಮೊದಲಿನದಾಗಬೇಕೆಂದು ನನ್ನ ವಾದ.

ಈಗ ನೌಕಾಪಡೆಗೆ 26 ರಫೇಲ್ ವಿಮಾನಗಳು ಬರಲಿವೆ. ಅವುಗಳ ಎಂ88 ಎಂಜಿನ್ 21 ಬಿಡಿಘಟಕಗಳಾಗಿ ಬಿಚ್ಚಿಕೊಳ್ಳುತ್ತದೆ, ಕೆಟ್ಟ ಘಟಕವನ್ನಷ್ಟೇ ಬದಲಿಸಬಹುದು. ಎಂಜಿನ್ ದುರಸ್ತಿ ಕೇಂದ್ರವನ್ನು ಭಾರತದಲ್ಲೇ ಸ್ಥಾಪಿಸುವ ಮಾತೂ 2025ರ ಒಪ್ಪಂದದಲ್ಲಿದೆ, ಸಂತೋಷ. ಆದರೂ ಅದರ ಬಿಸಿಭಾಗದ ಅಲಗನ್ನು ಎರಕ ಹೊಯ್ಯುವುದು ಎಲ್ಲಿ, ಅದು ಕೈಸೇರುವುದು ಎಷ್ಟು ದಿನಕ್ಕೆ ಎಂದು ಕೇಳುತ್ತಿರಬೇಕು. ಬೈತಖೋಲದ ಆ ದೋಣಿಯ ಮಾಲೀಕ ಹನ್ನೆರಡು ದಿನವೂ ಬೆಳಿಗ್ಗೆ ಫೋನಿನಲ್ಲಿ ಕೇಳುತ್ತಿದ್ದುದು ಇದನ್ನೇ.