ಹುಡುಗನ ರಕ್ತದಲ್ಲಿ ಬಸಿರಿನ ಹಾರ್ಮೋನು ಯಾಕೆ ಹುಡುಕ್ತಾರೆ?

[ದೃಶ್ಯ: ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ. ನಿರೂಪಕ ಏರಿ ಮೇಲೆ.]

ನಮಸ್ಕಾರ. ಹಾಸನದಿಂದ ಒಬ್ಬರು ಕೇಳಿದ್ದಾರೆ: 14 ವರ್ಷದ ಹುಡುಗನಿಗೆ ತಲೆನೋವು, ಸ್ಕ್ಯಾನ್‌ನಲ್ಲಿ ಮಿದುಳಿನ ನಡುವೆ ಗಡ್ಡೆ. ಡಾಕ್ಟರು ಬರೆದುಕೊಟ್ಟಿದ್ದು ಬೀಟಾ ಎಚ್‌ಸಿಜಿ ಪರೀಕ್ಷೆ. "ಅದು ಬಸಿರಿನ ಪರೀಕ್ಷೆ ಅಲ್ವಾ ಸಾರ್, ಚೀಟಿ ಅದಲುಬದಲಾಯ್ತಾ?"

ಚೀಟಿ ಸರಿಯಾಗೇ ಇದೆ. ಉತ್ತರಕ್ಕೆ ಮೊದಲು ಈ ಕೆರೆ ನೋಡಿ.

ಮಿದುಳಿನ ನಡುವೆ ಇಂಥ ಗಡ್ಡೆ ಬರೋ ಒಂದು ಜಾಗ ಪೀನಿಯಲ್ ಗ್ರಂಥಿಯದು. ಗ್ರಂಥಿ ಹೆಚ್ಚುಕಡಿಮೆ ಕಾಳುಮೆಣಸಿನಷ್ಟು. ರಾತ್ರಿ ಮೆಲಟೋನಿನ್ ಅನ್ನೋ ನಿದ್ದೆಯ ಹಾರ್ಮೋನು ಸುರಿಸುತ್ತೆ. ತತ್ವಜ್ಞಾನಿ ದೆಕಾರ್ತ್ ಇದನ್ನ ಆತ್ಮದ ಪೀಠ ಅಂದಿದ್ದ, ಇರಲಿ ಬಿಡಿ. ತೊಂದರೆ ಇರೋದು ಅದು ಕೂತಿರೋ ಜಾಗದಲ್ಲಿ.

[ದೃಶ್ಯ: ತೂಬಿನ ಹತ್ತಿರದ ನೋಟ.]

ಮಿದುಳಿನೊಳಗೆ ದಿನಕ್ಕೆ ಸುಮಾರು 500 ಮಿಲಿ ನೀರು ಊರುತ್ತೆ. ಒಟ್ಟು ಜಾಗ ಇರೋದು 150 ಮಿಲಿಗೆ. ಅಂದ್ರೆ ದಿನಕ್ಕೆ ಮೂರು ಸಲ ಕೆರೆ ತುಂಬಿ ಖಾಲಿಯಾಗಬೇಕು. ಆ ನೀರು ಕೆಳಗಿಳಿಯೋ ತೂಬು ಒಂದೆರಡು ಮಿಲಿಮೀಟರ್ ಅಗಲದ್ದು, ಪೀನಿಯಲ್ಲಿನ ಕೆಳಗೇ ಇದೆ. ಗಡ್ಡೆ ಒತ್ತಿದರೆ ತೂಬು ಮುಚ್ಚಿತು. ಒಳಹರಿವು ಮಾತ್ರ ನಿಲ್ಲಲ್ಲ. ಈ ಕೆರೆಗಾದರೆ ಕೋಡಿ ಇದೆ, ಹೆಚ್ಚಾದ ನೀರು ಹೊರಗೆ ಹೋಗುತ್ತೆ. ಕಟ್ಟಿದವರಿಗೆ ಬುದ್ಧಿ ಇತ್ತು. ತಲೆಬುರುಡೆಗೆ ಕೋಡಿ ಇಟ್ಟಿಲ್ಲ. ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ, ಆಮೇಲೆ ಮಂಕು ಬರೋದು ಅದಕ್ಕೇ.

ಇನ್ನೊಂದು ಗುರುತು ಕಣ್ಣಲ್ಲಿ. ಮೇಲೆ ನೋಡಿಸೋ ನರಕೇಂದ್ರ ಪಕ್ಕದಲ್ಲೇ ಇರೋದರಿಂದ, ಕತ್ತೆತ್ತದೆ ತೆಂಗಿನ ಗೊನೆ ನೋಡು ಅಂದ್ರೆ ಹುಡುಗನ ಕಣ್ಣು ಮೇಲೇರಲ್ಲ. ಇದಕ್ಕೆ ಪಾರಿನೋ ಸಿಂಡ್ರೋಮ್ ಅಂತಾರೆ. ಕನ್ನಡಕ ಬದಲಾಯಿಸಿದರೆ ಹೋಗೋದಲ್ಲ.

ಈಗ ಆ ಚೀಟಿ. ಭ್ರೂಣದಲ್ಲಿ ವೃಷಣಕ್ಕೋ ಅಂಡಾಶಯಕ್ಕೋ ಹೊರಟ ಮೂಲ ಜೀವಕೋಶ ಕೆಲವು ದಾರಿ ತಪ್ಪಿ ಮಿದುಳಿನ ನಡುಗೆರೆಯಲ್ಲಿ ಉಳೀತವೆ ಅನ್ನೋದು ಹೆಚ್ಚು ಜನ ಒಪ್ಪೋ ವಿವರಣೆ. ಅವು ಗಡ್ಡೆಯಾದಾಗ ಕೆಲವು ಅದೇ ಬಸಿರಿನ ಹಾರ್ಮೋನು ಎಚ್‌ಸಿಜಿ ಸುರಿಸ್ತವೆ, ಕೆಲವು ಎಎಫ್‌ಪಿ ಅನ್ನೋ ಪ್ರೋಟೀನು. ಯುರೋಪಿನ ಚಿಕಿತ್ಸಾ ಪದ್ಧತಿಯಲ್ಲಿ ರಕ್ತದಲ್ಲೋ ಮಿದುಳು ನೀರಲ್ಲೋ ಎಎಫ್‌ಪಿ ಮಿಲಿಗೆ 25 ನ್ಯಾನೋಗ್ರಾಂ ದಾಟಿದರೆ, ಅಥವಾ ಎಚ್‌ಸಿಜಿ ಲೀಟರಿಗೆ 50 ಯೂನಿಟ್ ದಾಟಿದರೆ, ಬಯಾಪ್ಸಿ, ಅಂದ್ರೆ ಗಡ್ಡೆಯ ಚೂರು ತೆಗೆದು ನೋಡೋದು, ಇಲ್ಲದೆ ಕೀಮೋ ಶುರು. ಒಂದು ಸಿರಿಂಜ್ ರಕ್ತ ಒಂದು ಆಪರೇಷನ್ ತಪ್ಪಿಸಬಹುದು! ಮೆಡಿಕಲ್ ಶಾಪಿನ ಮೂತ್ರದ ಪಟ್ಟಿ ಸಾಲದು, ಅಂಕಿ ಬೇಕು. ಎಳೆಕೂಸುಗಳಲ್ಲಿ ಎಎಫ್‌ಪಿ ಸಹಜವಾಗೇ ಹೆಚ್ಚಿರುತ್ತೆ, ವಯಸ್ಸು ನೋಡಿ ಓದಬೇಕು.

ಅಂಕಿ ಕಡಿಮೆ ಬಂದರೆ ಬಯಾಪ್ಸಿ. ಸಿಟಿಯಲ್ಲಿ ಒಂದು ಸುಳಿವು ಸಿಗಬಹುದು: ಕಾಫಿ ಹಣ್ಣಿನ ತಿರುಳು ಬೀಜವನ್ನ ಸುತ್ತಿಕೊಂಡ ಹಾಗೆ ಜರ್ಮಿನೋಮಾ (ದಾರಿ ತಪ್ಪಿದ ಆ ಮೂಲ ಜೀವಕೋಶಗಳ ಒಂದು ಬಗೆಯ ಗಡ್ಡೆ) ಪೀನಿಯಲ್ಲಿನ ಸುಣ್ಣದ ಹರಳನ್ನ ಒಳಗಿಟ್ಟುಕೊಳ್ಳುತ್ತೆ, ಪೀನಿಯೋಬ್ಲಾಸ್ಟೋಮಾ (ಪೀನಿಯಲ್ಲಿನದೇ ಜೀವಕೋಶಗಳ ಬೇಗ ಬೆಳೆಯೋ ಕ್ಯಾನ್ಸರ್) ಅದನ್ನ ಅಂಚಿಗೆ ಚೆದುರಿಸುತ್ತೆ. ಸುಳಿವು ಅಷ್ಟೇ, ತೀರ್ಪಲ್ಲ.

[ದೃಶ್ಯ: ಕೋಡಿ.]

ನೀರು ಕಟ್ಟಿದ್ದರೆ ಶಸ್ತ್ರವೈದ್ಯರು ಹೊಸ ಕೋಡಿ ಒಡೀತಾರೆ. ತಲೆಯ ಮುಂಭಾಗದಲ್ಲಿ ಒಂದು ರಂಧ್ರ, ಅದರಿಂದ ಎಂಡೋಸ್ಕೋಪ್, ಮೂರನೇ ಕುಹರ ಅನ್ನೋ ಮಿದುಳಿನೊಳಗಿನ ನೀರಿನ ಕೋಣೆಯ ನೆಲದಲ್ಲಿ ತೂತು. ಆ ನೆಲದ ಕೆಳಗೇ ಬೇಸಿಲಾರ್ ರಕ್ತನಾಳ, ಕೈ ತಪ್ಪುವ ಹಾಗಿಲ್ಲ. ಅದೇ ಸಲ ಮಿದುಳು ನೀರಿನ ಮಾದರಿ, ಗಡ್ಡೆಯ ಚೂರು ಎರಡೂ ಸಿಗುತ್ತವೆ. ಚೂರು ಚಿಕ್ಕದು, ಮಿಶ್ರ ಗಡ್ಡೆಯಾದರೆ ಒಂದು ಭಾಗ ಕಣ್ತಪ್ಪಬಹುದು. ಒತ್ತಡ ಇಳಿಯೋ ಮೊದಲು ಬೆನ್ನಿನಿಂದ ನೀರು ತೆಗೆದರೆ ಮಿದುಳು ಕೆಳಗೆ ಜರಗಿ ಪ್ರಾಣಕ್ಕೇ ಕುತ್ತು. ಬೆನ್ನುಹುರಿಯ ಎಂಆರ್‌ಐ ಆಪರೇಷನ್‌ಗೆ ಮುಂಚೆ ಆಗಬೇಕು, ಆಮೇಲಾದರೆ ಇಳಿದ ರಕ್ತವೇ ಹರಡಿದ ಗಡ್ಡೆಯ ಹಾಗೆ ಕಾಣುತ್ತೆ.

ಟೈಮ್ ಆಯ್ತು, ಉಳಿದದ್ದು ಗಬಗಬ. ಜರ್ಮಿನೋಮಾ: ಕೀಮೋ, ಕುಹರಗಳಿಗೆ ಸುಮಾರು 24 ಗ್ರೇ (ಗ್ರೇ ಅಂದ್ರೆ ವಿಕಿರಣದ ಅಳತೆ) ವಿಕಿರಣ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಉಳೀತಾರೆ. ಪೀನಿಯೋಸೈಟೋಮಾ, ಅಂದ್ರೆ ಪೀನಿಯಲ್ಲಿನದೇ ನಿಧಾನಕ್ಕೆ ಬೆಳೆಯೋ ಗಡ್ಡೆ: ಪೂರ್ತಿ ತೆಗೆದರೆ ಸಾಕಾಗಬಹುದು. ಪೀನಿಯೋಬ್ಲಾಸ್ಟೋಮಾ: ಆಪರೇಷನ್, ವಿಕಿರಣ, ಕೀಮೋ ಮೂರೂ, ಕಷ್ಟದ ಹಾದಿ. ರಿಪೋರ್ಟಲ್ಲಿ ಬರೀ "ಪೀನಿಯಲ್ ಸಿಸ್ಟ್" (ನೀರು ತುಂಬಿದ ಚೀಲ) ಅಂತ ಇದ್ದು, ಚಿಕ್ಕದಾಗಿದ್ದು, ತೊಂದರೆ ಏನೂ ಕೊಡದಿದ್ದರೆ ಸಾಮಾನ್ಯವಾಗಿ ಚಾಕು ಮುಟ್ಟಿಸಲ್ಲ.

ಪ್ರಶ್ನೆ ಕೇಳಿದವರಿಗೆ: ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಟರೆ ಹಾಸನದ ಸ್ಕ್ಯಾನಿನ ಫಿಲ್ಮ್ ಸಾಲದು, ಸಿಡಿ ಕೇಳಿ ತಗೊಳ್ಳಿ. ಹುಡುಗ ಮಂಕಾದರೆ ಓಪಿಡಿ ಸಾಲಲ್ಲಿ ನಿಲ್ಲಬೇಡಿ, ನೇರ ತುರ್ತು ವಿಭಾಗ.